ನಕ್ಷೆಯಲ್ಲಿ ಮಂಕಾದ ಮೈದನಹಳ್ಳಿ

ತುಮಕೂರು ಜಿಲ್ಲೆಯ ಯಾವ ನೆಲ ಬೇಟೆಹಕ್ಕಿಗಳಿಗೆ ಒಗ್ಗುತ್ತದೆ, ಎಲ್ಲಿ ಹೆಚ್ಚು ಬಗೆಯ ಹಕ್ಕಿಗಳು ಸೇರುತ್ತವೆ ಎಂಬುದನ್ನು ನಕ್ಷೆಯಾಗಿ ಮೂಡಿಸುವ ಕೆಲಸದಲ್ಲಿ ಎರಡು ಚಳಿಗಾಲಗಳಿಂದ ತೊಡಗಿದ್ದೇನೆ. ಈ ನಕ್ಷೆಯಲ್ಲಿ ಬಣ್ಣ ಕೆಂಪಾದಷ್ಟೂ ನೆಲ ಹೆಚ್ಚು ಒಗ್ಗುತ್ತದೆಂದು ಅರ್ಥ, ಹಳದಿಯಾದರೆ ಕಡಿಮೆಯೆಂದು. ಮೊದಲ ನಕ್ಷೆ ಸಿದ್ಧವಾದ ರಾತ್ರಿ ದೇವರಾಯನದುರ್ಗ ಕಡುಗೆಂಪಾಗಿತ್ತು, ನಗರದ ಸುತ್ತಲಿನ ಕೆರೆಗಳೂ ಕೆಂಪಾಗಿದ್ದವು, ಹೆದ್ದಾರಿಯ ಇಕ್ಕೆಲ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಆದರೆ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲು, ಅಂದರೆ ಮುಸ್ಸಂಜೆಯಲ್ಲಿ ಸೆಳೆವಗಳು (ಹ್ಯಾರಿಯರ್ ಎಂಬ ಬೇಟೆಹಕ್ಕಿಗಳು) ಒಂದೊಂದಾಗಿ ಬಂದು ಹುಲ್ಲಿನೊಳಗೆ ಇಳಿಯುವುದನ್ನು ನಾನೇ ಕಣ್ಣಾರೆ ಕಂಡಿದ್ದ ಜಾಗ, ಮಂಕು ಹಳದಿಯಾಗಿ ಉಳಿದಿತ್ತು. ನಕ್ಷೆ ತಪ್ಪೆಂದು ಆಗಲೇ ಮನಸ್ಸಿಗೆ ಹೊಳೆಯಿತಾದರೂ ಏಕೆ ತಪ್ಪಾಯಿತೆಂದು ಅರಿಯಲು ತಿಂಗಳುಗಳೇ ಬೇಕಾದವು.

ನಾನು ಬಳಸಿದ ಮ್ಯಾಕ್ಸೆಂಟ್ ಎಂಬ ವಿಧಾನವನ್ನು ಅದನ್ನು ರೂಪಿಸಿದವರು 2006ರಲ್ಲಿ ಪ್ರಬಂಧವಾಗಿ ಪ್ರಕಟಿಸಿದರು. ಹಕ್ಕಿ ಕಂಡ ಜಾಗಗಳ ಇಳಿಜಾರು, ಎತ್ತರ, ನೆಲದ ಹೊದಿಕೆ, ಮಳೆ ಮುಂತಾದವುಗಳನ್ನು ಅದು ಜಿಲ್ಲೆಯ ಉದ್ದಗಲಕ್ಕೂ ಎರಚಿದ ಸಾವಿರಾರು ಹಿನ್ನೆಲೆ ಬಿಂದುಗಳೊಂದಿಗೆ ಹೋಲಿಸಿ, ಪ್ರತಿ ಚೌಕಕ್ಕೂ ಸೊನ್ನೆಯಿಂದ ಒಂದರವರೆಗಿನ ಒಂದು ಅಂಕ ಕೊಡುತ್ತದೆ. ಹಕ್ಕಿ ಇಲ್ಲವೆಂಬ ದಾಖಲೆ ಅದಕ್ಕೆ ಬೇಕಾಗಿಲ್ಲ, ಇದೆ ಎಂಬ ದಾಖಲೆಯಷ್ಟೇ ಸಾಕು. ಅನುಕೂಲವೂ ಅಪಾಯವೂ ಇರುವುದು ಅಲ್ಲಿಯೇ. ನನ್ನ ದಾಖಲೆಗಳಲ್ಲಿ ಹೆಚ್ಚಿನವು ಬಂದದ್ದು ಹಕ್ಕಿ ನೋಡುವವರು ತಾವು ಕಂಡವುಗಳ ಪಟ್ಟಿ ಸೇರಿಸುವ ಇ-ಬರ್ಡ್ ಎಂಬ ಜಾಲತಾಣದಿಂದ. ಅವನ್ನು ಅಲ್ಲಿಗೆ ಸೇರಿಸಿದವರು ನನ್ನಂಥ ಹವ್ಯಾಸಿಗಳು. ನಾವು ಹೋಗುವುದು ರಸ್ತೆಯಿರುವ ಕಡೆಗೆ, ರಜೆಯ ದಿನ, ಮನೆಗೆ ಹತ್ತಿರದ ಬೆಟ್ಟಕ್ಕೆ. ಹೀಗಾಗಿ ನಾನು ಬಿಡಿಸಿದ್ದು ಹಕ್ಕಿಗಳ ನಕ್ಷೆಯಲ್ಲ, ಹಕ್ಕಿ ನೋಡುವವರ ನಕ್ಷೆ.

ಜಾಗದ ಜೊತೆಗೆ ಹೊತ್ತಿನ ತಪ್ಪೂ ಇತ್ತು. ನಮ್ಮ ಪಟ್ಟಿಗಳು ಹೆಚ್ಚಾಗಿ ಬೆಳಿಗ್ಗೆ ಆರರಿಂದ ಒಂಬತ್ತರವರೆಗಿನವು. ನೆಲ ಕಾದು ಬಿಸಿಗಾಳಿ ಮೇಲೇಳುವವರೆಗೆ ದೊಡ್ಡ ಗಿಡುಗಗಳು ಮರದ ಮೇಲೋ ಬಂಡೆಯ ಮೇಲೋ ಕುಳಿತೇ ಇರುತ್ತವೆ. ಅವು ಆಕಾಶಕ್ಕೇರುವ ಹೊತ್ತಿಗೆ ನಾವು ತಿಂಡಿಗೆ ಹೊರಟಿರುತ್ತೇವೆ. ಸೆಳೆವಗಳಾದರೋ ಮಲಗುವ ಜಾಗಕ್ಕೆ ಬರುವುದೇ ಸೂರ್ಯ ಮುಳುಗುವ ಆಸುಪಾಸಿನಲ್ಲಿ.

ಎರಡನೆಯ ಸಲ ದಾಖಲೆಗಳನ್ನು ತೆಳುವಾಗಿಸಿ, ಒಂದು ಕಿಲೋಮೀಟರಿನ ಚೌಕಕ್ಕೆ ಒಂದು ಪ್ರಭೇದದ ಒಂದೇ ದಾಖಲೆ ಉಳಿಸಿಕೊಂಡೆ. ಹಿನ್ನೆಲೆ ಬಿಂದುಗಳನ್ನೂ ಜಿಲ್ಲೆಯ ತುಂಬ ಎರಚದೆ, ವೀಕ್ಷಕರು ನಿಜವಾಗಿ ಓಡಾಡಿದ ಕಡೆಗಳಿಂದಲೇ ಆರಿಸಿದೆ. ವರ್ಲ್ಡ್‌ಕ್ಲಿಮ್ ಎಂಬ ಹವಾಗುಣ ದತ್ತಾಂಶದ 19 ಪದರಗಳಲ್ಲಿ, ಅಂದರೆ ಮಳೆ, ಉಷ್ಣತೆಗಳ ಒಂದೊಂದು ಅಂಶಕ್ಕೆ ಒಂದೊಂದರಂತಿರುವ ನಕ್ಷೆಗಳಲ್ಲಿ, ಹೆಚ್ಚಿನವನ್ನು ಕೈಬಿಟ್ಟೆ, ಏಕೆಂದರೆ ಒಂದೇ ಜಿಲ್ಲೆಯೊಳಗೆ ಹವಾಗುಣ ಅಷ್ಟೇನೂ ಬದಲಾಗುವುದಿಲ್ಲ, ಬದಲಾಗುವುದು ನೆಲ. ಆ ನೆಲವನ್ನು ಗುರುತಿಸುವುದಕ್ಕೇ ನನಗೆ ಅತಿ ಹೆಚ್ಚು ದಿನ ಹಿಡಿಯಿತು. ಸೆಂಟಿನೆಲ್-2 ಉಪಗ್ರಹದ ಹತ್ತು ಮೀಟರ್ ವಿವರದ ಚಿತ್ರದಲ್ಲಿಯೂ ಫೆಬ್ರುವರಿಯ ಒಣ ಹುಲ್ಲುಗಾವಲು, ಕಡಲೆಕಾಯಿ ಕಿತ್ತ ಹೊಲ, ಬೀಳುಬಿಟ್ಟ ಬೆದ್ದಲು ಮೂರೂ ಒಂದೇ ಬಣ್ಣಕ್ಕೆ ಬರುತ್ತವೆ. ಮಳೆ ನಿಂತ ಮೇಲಿನ ತಿಂಗಳುಗಳ ಚಿತ್ರಗಳನ್ನು ಸಾಲಾಗಿಟ್ಟು ನೋಡಿದರೆ, ಬೆಳೆ ಕೊಯ್ದ ಹೊಲದ ಹಸಿರು ಒಮ್ಮೆಲೇ ಅಳಿಯುವುದೂ ಹುಲ್ಲಿನ ಹಸಿರು ನಿಧಾನವಾಗಿ ಮಾಸುವುದೂ ಕಾಣುತ್ತದೆ. ಈ ವ್ಯತ್ಯಾಸ ಕೈಗೆ ಸಿಕ್ಕ ಮೇಲೆಯೇ ಮೈದನಹಳ್ಳಿ ಸೆಳೆವಗಳ ನಕ್ಷೆಯಲ್ಲಿ ಕೆಂಪಾಯಿತು.

ವೈವಿಧ್ಯದ ನಕ್ಷೆಯಲ್ಲಿ ಮಾತ್ರ ಅದು ಮಂಕಾಗಿಯೇ ಉಳಿಯಿತು. ಈ ನಕ್ಷೆ ಸಿದ್ಧವಾಗುವುದು ಪ್ರಭೇದಗಳ ನಕ್ಷೆಗಳನ್ನು ಒಂದರ ಮೇಲೊಂದು ಪೇರಿಸಿ ಕೂಡಿದಾಗ. ಆ ಕೂಡಿಕೆಯಲ್ಲಿ ಊರೂರಿಗೂ ಇರುವ ಹದ್ದಿಗೂ ಒಂದು ಅಂಕ, ಗರುಡನಿಗೂ ಒಂದು ಅಂಕ, ಮಧ್ಯ ಏಷ್ಯಾದ ಹುಲ್ಲುಬಯಲುಗಳಿಂದ ಹಾರಿ ಬರುವ ಮಾಂಟೆಗು ಸೆಳೆವಕ್ಕೂ ಒಂದೇ ಅಂಕ. ಮರ, ನೀರು, ಬಂಡೆ, ಊರು ಎಲ್ಲವೂ ಒಟ್ಟಿಗಿರುವ ಕೆರೆಯಂಚಿನ ಚೌಕವೇ ಯಾವಾಗಲೂ ಗೆಲ್ಲುತ್ತದೆ. ಸಂಖ್ಯೆಯನ್ನು ಮಾತ್ರ ನೋಡಿ ಯಾವ ಜಾಗವನ್ನು ಉಳಿಸಬೇಕೆಂದು ತೀರ್ಮಾನಿಸುವುದು ಬೇಟೆಹಕ್ಕಿಗಳ ವಿಷಯದಲ್ಲಿ ದೊಡ್ಡ ತಪ್ಪೆಂದು ನಾನು ದೃಢವಾಗಿ ನಂಬುತ್ತೇನೆ. ಕೆರೆಯಂಚು ಕೈತಪ್ಪಿದರೆ ಹದ್ದಿಗೆ ಇನ್ನೊಂದು ಕೆರೆಯುಂಟು. ಸೆಳೆವಗಳು ಗುಂಪುಗೂಡಿ ಮಲಗುವುದು ಮರದ ಮೇಲಲ್ಲ, ನೆಲದ ಮೇಲೆ, ಎತ್ತರದ ಹುಲ್ಲಿನ ನಡುವೆ. ಹಗಲಿಡೀ ಕಿಲೋಮೀಟರುಗಟ್ಟಲೆ ಹೊಲಗಳ ಮೇಲೆ ಮಿಡತೆ, ಇಲಿ ಹುಡುಕುತ್ತ ಹರಡಿಹೋದವು ಇರುಳಿಗೆ ಕೆಲವೇ ಎಕರೆಗಳಲ್ಲಿ ಕೂಡುತ್ತವೆ.

ಒಂದು ಸಂಜೆ ಅಲ್ಲಿ ಕುರಿ ಹೊಡೆದುಕೊಂಡು ಬರುತ್ತಿದ್ದ ಹಿರಿಯರೊಬ್ಬರನ್ನು, “ಯಜಮಾನ್ರೇ, ಈ ಹಕ್ಕಿಗಳು ಪ್ರತಿ ವರ್ಷ ಇಲ್ಲಿಗೇ ಬರ್ತವಾ?” ಎಂದು ಕೇಳಿದೆ. “ಹುಲ್ಲು ಉದ್ದ ಇದ್ದ ವರ್ಷ ಬರ್ತವೆ ಸ್ವಾಮಿ, ಬೆಂಕಿ ಬಿದ್ದ ವರ್ಷ ಆ ಕಡೆ ಹೊಂಟೋಗ್ತವೆ,” ಎಂದು ಅವರು ಕೈ ತೋರಿದರು. ನನ್ನ ಯಾವ ಪದರದಲ್ಲಿಯೂ ಹುಲ್ಲಿನ ಎತ್ತರವಾಗಲಿ ಬೆಂಕಿಯ ವರ್ಷವಾಗಲಿ ಇರಲಿಲ್ಲ. ಸುಟ್ಟ ನೆಲ ಉಪಗ್ರಹ ಚಿತ್ರದಲ್ಲಿ ಕಪ್ಪಗೆ ಕಾಣುವುದರಿಂದ ಅದನ್ನು ಈಗ ಒಂದು ಪದರವಾಗಿ ಸೇರಿಸಿದ್ದೇನೆ.

ಮೈದನಹಳ್ಳಿಯ ಸುಮಾರು 800 ಎಕರೆ 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಎಂದು ಘೋಷಣೆಯಾಯಿತು. ಸೆಳೆವಗಳಿಗೆ ಅಲ್ಲಿ ನೆಲೆ ಉಳಿದಿರುವುದು ಕೃಷ್ಣಮೃಗದ ನೆರಳಿನಲ್ಲಿ. ಅಂಥ ನೆರಳಿಲ್ಲದ ಗೋಮಾಳಗಳೂ ಕಾವಲುಗಳ ಅಂಚುಗಳೂ ಕಾಗದದಲ್ಲಿ ಪಾಳುಭೂಮಿ ಎನಿಸಿಕೊಂಡು, ಒಂದು ನೆಡುತೋಪಿಗೋ ಬಡಾವಣೆಗೋ ಕಾದಿರುತ್ತವೆ. ಪಾವಗಡದಲ್ಲಿ ಐದು ಊರುಗಳ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೌರ ಉದ್ಯಾನವಿದೆ. ಅದಕ್ಕೂ ಮೊದಲಿನ ನೆಲಹೊದಿಕೆಯ ಪದರವನ್ನು ಬಳಸಿದ್ದರಿಂದ ನನ್ನ ಮೊದಲ ನಕ್ಷೆಯಲ್ಲಿ ಆ ಫಲಕಗಳ ಸಾಲೆಲ್ಲ ಬಯಲು ಬೆದ್ದಲೆಂದೇ ಬಣ್ಣ ಪಡೆದಿತ್ತು. ಕೋಲಾರದಲ್ಲಿ ನಕ್ಷೆ ಮಾಡುವವರಿಗೆ ಇದರ ತಿರುಗುಮುರುಗು ಎದುರಾಗುತ್ತದೆ: ಬೆಂಗಳೂರಿನ ಸಂಸ್ಕರಿಸಿದ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಹರಿಯುತ್ತಿರುವುದರಿಂದ, ಹಳೆಯ ಪದರದಲ್ಲಿ ಒಣ ಅಂಗಳವಾಗಿದ್ದ ಕೆರೆಗಳು ಇಂದು ಜೌಗು ಸೆಳೆವವೂ ಮೀನು ಹಿಡಿಯುವ ಡೇಗೆಯೂ ಇಳಿಯಬಹುದಾದ ನೀರು.

ಒಗ್ಗುವ ನೆಲವೆಂದರೆ ಹಕ್ಕಿಯಿರುವ ನೆಲವಲ್ಲ ಎಂಬುದು ನನಗೆ ಚೆನ್ನಾಗಿ ಮನದಟ್ಟಾದದ್ದು ರಣಹದ್ದುಗಳಿಂದ. ರಾಮನಗರದ ರಾಮದೇವರ ಬೆಟ್ಟದ ಉದ್ದಕೊಕ್ಕಿನ ರಣಹದ್ದುಗಳ ದಾಖಲೆಯನ್ನಿಟ್ಟು ಮ್ಯಾಕ್ಸೆಂಟನ್ನು ಓಡಿಸಿದರೆ ಮಧುಗಿರಿಯ ಏಕಶಿಲಾ ಬೆಟ್ಟ, ಚಿಕ್ಕಬಳ್ಳಾಪುರದ ಸ್ಕಂದಗಿರಿ, ನಂದಿಯ ಕಡಿದಾದ ಮೈಗಳೆಲ್ಲ ಕೆಂಪಾಗುತ್ತವೆ. ಬಂಡೆ ಇದೆ, ಎತ್ತರವಿದೆ, ಗಾಳಿಯಿದೆ. ಆದರೆ ದನಗಳಿಗೆ ಕೊಡುತ್ತಿದ್ದ ಡೈಕ್ಲೊಫಿನಾಕ್ ಎಂಬ ನೋವುನಿವಾರಕ ಸತ್ತ ದನದ ಮಾಂಸದ ಮೂಲಕ ರಣಹದ್ದುಗಳ ಮೂತ್ರಪಿಂಡವನ್ನು ಕೆಡಿಸಿ ದೇಶದುದ್ದಕ್ಕೂ ಅವನ್ನು ಕೊಂದದ್ದು, 2006ರಲ್ಲಿ ಅದರ ಪಶುಬಳಕೆಗೆ ನಿಷೇಧ ಬಂದದ್ದು ಇಳಿಜಾರಿನ ಪದರಕ್ಕೆ ಹೇಗೆ ತಿಳಿಯಬೇಕು?

ಗೂಡುಗಳ ಮತ್ತು ಮಲಗುವ ತಾಣಗಳ ನಿಖರ ಬಿಂದುಗಳನ್ನು ನಾನು ಯಾರಿಗೂ ಕೊಡುವುದಿಲ್ಲ. ಹಂಚಿಕೊಳ್ಳುವ ನಕ್ಷೆಯಲ್ಲಿ ಚೌಕಗಳು ಐದು ಕಿಲೋಮೀಟರಿನವು. ಈ ಬಾರಿ ನವೆಂಬರಿನಿಂದ ಶಿರಾ, ಪಾವಗಡ, ಕೊರಟಗೆರೆ ತಾಲ್ಲೂಕುಗಳಲ್ಲಿ ಇದುವರೆಗೆ ಯಾರೂ ಪಟ್ಟಿ ಮಾಡದ ಚೌಕಗಳಿಗೆ ಹೋಗುತ್ತೇನೆ. ಪ್ರತಿ ಚೌಕದಲ್ಲಿ ಬೆಳಿಗ್ಗೆ ಹತ್ತರ ನಂತರ ಒಂದು ಗಂಟೆ, ಸಂಜೆ ಐದರಿಂದ ಕತ್ತಲಾಗುವವರೆಗೆ ಇನ್ನೊಮ್ಮೆ ನಿಂತು, ಏನೂ ಕಾಣದಿದ್ದರೆ ಕಾಣಲಿಲ್ಲವೆಂದೇ ಸಮಯಸಹಿತ ಬರೆದುಕೊಳ್ಳುತ್ತೇನೆ. ನಿಮ್ಮ ಊರಿನ ಗೋಮಾಳದಲ್ಲಿ ಹೀಗೊಂದು ಸಂಜೆ ನಿಲ್ಲಲು ಸಾಧ್ಯವಾದರೆ, ಆ ಬರಿಗೈ ಪಟ್ಟಿಯನ್ನೂ ದಯವಿಟ್ಟು ಇ-ಬರ್ಡ್‌ಗೆ ಸೇರಿಸಿ.