ಟ್ರ್ಯಾಕಿನಿಂದ ಕಾಡಿನ ದಾರಿಗೆ: ಜಿಪಿಎಸ್ ವಾಚಿನ ಆಯ್ಕೆಗಾಗಿ ನಡೆಸಿದ ಪರೀಕ್ಷೆಗಳ ಟಿಪ್ಪಣಿ

ಹಲವು ವರ್ಷಗಳಿಂದ ನಾನು ಬಳಸುತ್ತಿರುವ ಜಿಪಿಎಸ್ ವಾಚಿನ ಬ್ಯಾಟರಿ ಈಗ ದೀರ್ಘ ಚಾರಣದ ಕೊನೆಯವರೆಗೆ ಬರುತ್ತಿಲ್ಲ. ಬದಲಿ ವಾಚನ್ನು ಕೊಳ್ಳುವ ಮುನ್ನ, ಹಳೆಯದು ಎಲ್ಲಿ ಸರಿಯಾಗಿ ಅಳೆಯುತ್ತದೆ, ಎಲ್ಲಿ ತಪ್ಪುತ್ತದೆ, ಹೊಸ ತಲೆಮಾರಿನ ವಾಚು ಆ ಕೊರತೆಗಳಲ್ಲಿ ಯಾವುದನ್ನು ನಿಜವಾಗಿಯೂ ನೀಗಿಸುತ್ತದೆ ಎಂಬುದನ್ನು ನಾನೇ ಓಡಿ, ನಡೆದು, ಅಳೆದು ನೋಡಬೇಕೆಂದು ಈ ಕೆಲಸವನ್ನು ಕೈಗೆತ್ತಿಕೊಂಡೆ. ಹಳೆಯ ವಾಚು ಉಪಗ್ರಹಗಳಿಂದ ಒಂದೇ ರೇಡಿಯೋ ಆವರ್ತನದ ಸಂಕೇತವನ್ನು ಸ್ವೀಕರಿಸುವಂಥದ್ದು. ಹೋಲಿಕೆಗಾಗಿ, ಜೊತೆಯಲ್ಲಿ ಓಡುವ ಗೆಳೆಯರೊಬ್ಬರು ತಮ್ಮ ಎರಡು ಆವರ್ತನಗಳ ವಾಚನ್ನು ಕೆಲವು ವಾರಗಳ ಮಟ್ಟಿಗೆ ಕೊಟ್ಟಿದ್ದಾರೆ. ಇಲ್ಲಿಯವರೆಗೆ ಕಂಡದ್ದನ್ನು, ಕಂಡ ಕ್ರಮದಲ್ಲಿಯೇ ದಾಖಲಿಸುತ್ತಿದ್ದೇನೆ.

ಪರೀಕ್ಷೆಯ ವಿಧಾನವನ್ನು ಮೊದಲೇ ನಿಗದಿಪಡಿಸಿಕೊಂಡೆ. ಎರಡೂ ವಾಚುಗಳನ್ನು ಎರಡು ಕೈಗಳಿಗೆ ಕಟ್ಟಿಕೊಂಡು, ಅದೇ ದಾರಿಯನ್ನು ಮತ್ತೊಮ್ಮೆ ಕ್ರಮಿಸುವಾಗ ಕೈ ಬದಲಾಯಿಸುತ್ತೇನೆ. ಏಕೆಂದರೆ ದೇಹವೇ ಆಕಾಶದ ಒಂದು ಪಾರ್ಶ್ವವನ್ನು ಮರೆಮಾಡುತ್ತದೆ. ಎರಡರಲ್ಲಿಯೂ ಪ್ರತಿ ಸೆಕೆಂಡಿಗೊಂದು ಬಿಂದುವನ್ನು ದಾಖಲಿಸುವ ಆಯ್ಕೆಯನ್ನೇ ಇಟ್ಟಿದ್ದೇನೆ. ಮನೆಗೆ ಬಂದ ಮೇಲೆ ಎರಡೂ ದಾಖಲೆಗಳನ್ನು ಜಿಪಿಎಕ್ಸ್ ಕಡತಗಳಾಗಿ (ದಾರಿಯ ಬಿಂದುಗಳನ್ನು ಉಳಿಸಿಡುವ ಕಡತಗಳು) ಇಳಿಸಿಕೊಂಡು, ಒಂದೇ ನಕ್ಷೆಯ ಮೇಲೆ ಒಂದರ ಮೇಲೊಂದು ಇಟ್ಟು ನೋಡುತ್ತೇನೆ. ಒಟ್ಟು ದೂರವೊಂದನ್ನೇ ನೋಡಿ ವಾಚಿನ ಗುಣವನ್ನು ನಿರ್ಧರಿಸುವುದು ಸಾಲದು ಎಂಬುದು ನನ್ನ ದೃಢ ಅಭಿಪ್ರಾಯ. ತಿರುವುಗಳಲ್ಲಿ ವಾಚು ಬಿಂದುಗಳನ್ನು ನೇರವಾಗಿ ಜೋಡಿಸಿದಾಗ ದೂರ ಕಡಿಮೆಯಾಗುತ್ತದೆ. ನೇರವಾದ ದಾರಿಯಲ್ಲಿ ಗೆರೆ ಅತ್ತಿತ್ತ ಓಲಾಡಿದಾಗ ದೂರ ಹೆಚ್ಚಾಗುತ್ತದೆ. ಈ ಎರಡು ತಪ್ಪುಗಳು ಒಂದನ್ನೊಂದು ಸರಿದೂಗಿಸಿಬಿಟ್ಟರೆ ಗೆರೆಯೆಲ್ಲ ಕೆಟ್ಟಿದ್ದರೂ ಒಟ್ಟು ಮೊತ್ತ ಮಾತ್ರ ಸರಿಯಾಗಿಯೇ ಕಾಣುತ್ತದೆ.

ಟ್ರ್ಯಾಕಿನ ಮೇಲೆ

ಮೊದಲ ಪರೀಕ್ಷೆಗೆ 400 ಮೀಟರಿನ ಓಟದ ಟ್ರ್ಯಾಕನ್ನು ಆರಿಸಿಕೊಂಡೆ, ಏಕೆಂದರೆ ಅಲ್ಲಿನ ದೂರ ಮೊದಲೇ ಗೊತ್ತಿರುವಂಥದ್ದು. ಒಳಗಿನ ಮೊದಲ ಲೇನಿನಲ್ಲಿ ಈ 400 ಮೀಟರನ್ನು ಒಳ ಅಂಚಿನಿಂದ 30 ಸೆಂಟಿಮೀಟರ್ ಹೊರಗೆ ಅಳೆಯುತ್ತಾರೆ. ಪ್ರತಿ ಲೇನಿನ ಅಗಲ 1.22 ಮೀಟರ್ ಆಗಿರುವುದರಿಂದ ಎರಡನೆಯ ಲೇನಿನಲ್ಲಿ ಒಂದು ಸುತ್ತು 407 ಮೀಟರಿನಷ್ಟಾಗುತ್ತದೆ. ಆದ್ದರಿಂದ ಓಡುವ ಲೇನನ್ನು ಕೊನೆಯವರೆಗೂ ಬದಲಾಯಿಸದೆ ಇರಬೇಕು. ಹೊಸ ವಾಚುಗಳಲ್ಲಿ ಟ್ರ್ಯಾಕಿಗೆಂದೇ ಪ್ರತ್ಯೇಕ ವಿಧಾನವಿದ್ದು, ಅದು ಲೇನಿನ ಸಂಖ್ಯೆಯನ್ನು ಕೇಳಿಕೊಂಡು ದೂರವನ್ನು ಆ ಲೇನಿನ ಅಳತೆಗೆ ಹೊಂದಿಸಿಬಿಡುತ್ತದೆ. ತರಬೇತಿಗೆ ಅದು ಬಹಳ ಉಪಯುಕ್ತ. ಆದರೆ ಅದು ತೋರಿಸುವ ಸಂಖ್ಯೆ ಉಪಗ್ರಹಗಳಿಂದಷ್ಟೇ ಬಂದದ್ದಲ್ಲವಾದ್ದರಿಂದ ಪರೀಕ್ಷೆಯ ವೇಳೆ ಅದನ್ನು ಬಳಸದೆ ಸಾಮಾನ್ಯ ಓಟದ ವಿಧಾನದಲ್ಲಿಯೇ ದಾಖಲಿಸಿದೆ.

ಫಲಿತಾಂಶ ನನ್ನ ನಿರೀಕ್ಷೆಗಿಂತ ಸಮೀಪವಾಗಿತ್ತು. ಬಯಲಿನಲ್ಲಿ, ಸುತ್ತಲೂ ಆಕಾಶ ತೆರೆದಿರುವಲ್ಲಿ, ಹಳೆಯ ವಾಚು ಹೊಸದಕ್ಕೆ ಹೆಚ್ಚು ಹಿಂದೆ ಬೀಳಲಿಲ್ಲ. ಹಳೆಯದರ ಸುತ್ತುಗಳು ಸ್ವಲ್ಪ ಹರಡಿಕೊಂಡಿದ್ದವು, ಹೊಸದರ ಸುತ್ತುಗಳು ಒತ್ತಾಗಿದ್ದವು. ದೂರದಲ್ಲಿ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಬಯಲಿನ ರಸ್ತೆಗಳಲ್ಲಿ ಮಾತ್ರ ಓಡುವವರು ಎರಡು ಆವರ್ತನಗಳಿಗಾಗಿ ಹೆಚ್ಚು ಹಣ ಕೊಡಬೇಕಾಗಿಲ್ಲ ಎಂದು ಈ ಹಂತದಲ್ಲಿಯೇ ಬರೆದಿಟ್ಟುಕೊಂಡೆ.

ಇಲ್ಲಿಯೇ ಇನ್ನೊಂದು ಮಾತನ್ನು ಸೇರಿಸಬೇಕು. ಮ್ಯಾರಥಾನ್ ಓಡಿದವರು ತಮ್ಮ ವಾಚು 42.195 ಕಿ.ಮೀ.ಗಿಂತ ಹೆಚ್ಚು ತೋರಿಸಿತೆಂದು ದೂರುವುದನ್ನು ಮತ್ತೆ ಮತ್ತೆ ಕೇಳಿದ್ದೇನೆ. ಅಧಿಕೃತ ದಾರಿಯನ್ನು ಅಳೆಯುವಾಗ ಓಟಗಾರನಿಗೆ ಸಾಧ್ಯವಿರುವ ಅತಿ ಕಡಿಮೆ ದೂರದ ರೇಖೆಯನ್ನು ಹಿಡಿದು ಸೈಕಲ್ಲಿಗೆ ಜೋಡಿಸಿದ ಎಣಿಕೆಯ ಸಾಧನದಿಂದ ಅಳೆಯುತ್ತಾರೆ. ಅಷ್ಟೇ ಅಲ್ಲದೆ, ದಾರಿ ಎಂದಿಗೂ ಕಡಿಮೆಯಾಗಬಾರದೆಂದು ಪ್ರತಿ ಕಿಲೋಮೀಟರಿಗೆ 1 ಮೀಟರಿನಂತೆ ಹೆಚ್ಚುವರಿಯನ್ನೂ ಸೇರಿಸುತ್ತಾರೆ. ತಿರುವುಗಳಲ್ಲಿ ಗುಂಪಿನ ಹೊರಬದಿಯಿಂದ ಓಡಿದವರ ದೂರ ಇದಕ್ಕಿಂತಲೂ ಹೆಚ್ಚಾಗುವುದು ಸಹಜ. ವಾಚಿನ ಸಂಖ್ಯೆ ದೊಡ್ಡದಾಗಿರುವುದರಿಂದಲೇ ಅದು ತಪ್ಪೆಂದಾಗಲಿ, ದಾರಿಯ ಅಳತೆ ತಪ್ಪೆಂದಾಗಲಿ ಹೇಳಲಾಗದು.

ಮರಗಳ ಕೆಳಗೆ, ಗೋಡೆಗಳ ನಡುವೆ

ಎರಡನೆಯ ಹಂತಕ್ಕೆ ದಟ್ಟವಾದ ಮರಗಳ ಕೆಳಗಿನ ಕಾಲುದಾರಿಯನ್ನೂ ಎತ್ತರದ ಕಟ್ಟಡಗಳ ನಡುವಿನ ರಸ್ತೆಯನ್ನೂ ಆರಿಸಿಕೊಂಡೆ. ನನ್ನ ಆಯ್ಕೆಯನ್ನು ನಿಜವಾಗಿ ರೂಪಿಸಿದ್ದು ಈ ಹಂತ.

ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುವ ಉಪಗ್ರಹಗಳಿಂದ ಸಂಕೇತ ನಮ್ಮನ್ನು ತಲುಪಲು ತೆಗೆದುಕೊಂಡ ಕಾಲವನ್ನು ಅಳೆದೇ ವಾಚು ತನ್ನ ಸ್ಥಾನವನ್ನು ಲೆಕ್ಕಹಾಕುತ್ತದೆ. ಮೂರು ದಿಕ್ಕಿನ ಸ್ಥಾನಕ್ಕೂ ವಾಚಿನ ಗಡಿಯಾರದ ತಪ್ಪನ್ನು ತಿದ್ದುವುದಕ್ಕೂ ಕನಿಷ್ಠ ನಾಲ್ಕು ಉಪಗ್ರಹಗಳು ಬೇಕು. ಸಂಕೇತ ಗೋಡೆಗೆ ಅಥವಾ ಬಂಡೆಗೆ ತಾಗಿ, ಪ್ರತಿಫಲಿಸಿ ಬಂದರೆ ಅದು ಕ್ರಮಿಸಿದ ದಾರಿ ಉದ್ದವಾಗುತ್ತದೆ, ವಾಚು ತನ್ನ ಸ್ಥಾನವನ್ನು ಬೇರೆಲ್ಲಿಯೋ ಗುರುತಿಸುತ್ತದೆ. ಹಳೆಯ ವಾಚು ಬಳಸುವುದು 1575.42 ಮೆಗಾಹರ್ಟ್ಸಿನ ಎಲ್1 ಸಂಕೇತವನ್ನು. ಹೊಸದು ಅದರ ಜೊತೆಗೆ 1176.45 ಮೆಗಾಹರ್ಟ್ಸಿನ ಎಲ್5 ಸಂಕೇತವನ್ನೂ ಬಳಸುತ್ತದೆ. ಸಂಕೇತವೆಂದರೆ ಒಂದರ ಹಿಂದೊಂದು ಬರುವ ಸಣ್ಣ ತುಣುಕುಗಳ ಸಾಲು. ಎಲ್1ರ ನಾಗರಿಕ ಸಂಕೇತದಲ್ಲಿ ಇಂಥ ಒಂದು ತುಣುಕು ಹರಡುವ ಉದ್ದ ಸುಮಾರು 293 ಮೀಟರ್. ಎಲ್5ರಲ್ಲಿ ತುಣುಕುಗಳ ವೇಗ ಹತ್ತು ಪಟ್ಟು ಹೆಚ್ಚಾಗಿರುವುದರಿಂದ ಆ ಉದ್ದ 29 ಮೀಟರಿನಷ್ಟಕ್ಕೆ ಇಳಿಯುತ್ತದೆ. ತುಣುಕು ಚಿಕ್ಕದಾದಷ್ಟೂ ನೇರವಾಗಿ ಬಂದ ಸಂಕೇತವನ್ನೂ ತಡವಾಗಿ ಬಂದ ಪ್ರತಿಫಲನವನ್ನೂ ಬೇರ್ಪಡಿಸುವುದು ಸುಲಭ.

ಈ ವಿವರಣೆಯನ್ನು ಓದಿ ತಿಳಿದುಕೊಂಡಿದ್ದರೂ ನಕ್ಷೆಯ ಮೇಲೆ ಅದನ್ನು ಕಣ್ಣಾರೆ ಕಂಡದ್ದು ಬಹಳ ಸಂತೋಷ ಕೊಟ್ಟಿತು. ಕಟ್ಟಡಗಳ ನಡುವೆ ಹಳೆಯ ವಾಚಿನ ಗೆರೆ ರಸ್ತೆಯನ್ನು ಬಿಟ್ಟು ಕಟ್ಟಡಗಳ ಒಳಗೆ ಹಾದುಹೋಗಿತ್ತು. ಹೊಸದು ನಾನು ನಡೆದ ಪಾದಚಾರಿ ಪಥ ರಸ್ತೆಯ ಯಾವ ಬದಿಯದೆಂಬುದನ್ನೂ ಬಹುಪಾಲು ಸರಿಯಾಗಿ ತೋರಿಸಿತು. ಕಾಡಿನ ಕಾಲುದಾರಿಯಲ್ಲಿ ಹೋದ ಗೆರೆ, ಬಂದ ಗೆರೆ ಹೊಸ ವಾಚಿನಲ್ಲಿ ಬಹುತೇಕ ಒಂದರ ಮೇಲೊಂದು ಕೂತವು. ಹಳೆಯದರಲ್ಲಿ ಅವೆರಡೂ ಬೇರೆ ಬೇರೆ ದಾರಿಗಳೋ ಎಂಬಷ್ಟು ದೂರ ಸರಿದಿದ್ದವು. ಒಂದೇ ದಾರಿಯನ್ನು ಹಿಂತಿರುಗಿ ನಡೆದು ಎರಡು ಗೆರೆಗಳ ಅಂತರವನ್ನು ನೋಡುವ ಈ ವಿಧಾನವನ್ನು, ವಾಚನ್ನು ಪರೀಕ್ಷಿಸಬಯಸುವ ಎಲ್ಲರಿಗೂ ನಾನು ಮನಸಾರೆ ಸೂಚಿಸುತ್ತೇನೆ. ಇದಕ್ಕೆ ಮೊದಲೇ ಅಳೆದಿಟ್ಟ ದಾರಿಯೂ ಬೇಕಾಗಿಲ್ಲ.

ಓಟದ ಆರಂಭದ ಕೆಲವು ನಿಮಿಷಗಳಲ್ಲಿ ಗೆರೆ ಕೆಡುವುದಕ್ಕೆ ಬೇರೆಯೇ ಕಾರಣವಿದೆ. ಪ್ರತಿ ಜಿಪಿಎಸ್ ಉಪಗ್ರಹ ತನ್ನ ಕಕ್ಷೆಯ ವಿವರವನ್ನು ಸೆಕೆಂಡಿಗೆ ಕೇವಲ 50 ಬಿಟ್‌ಗಳ ವೇಗದಲ್ಲಿ, 30 ಸೆಕೆಂಡಿಗೊಮ್ಮೆ ಪುನರಾವರ್ತಿಸುತ್ತಾ ಪ್ರಸಾರ ಮಾಡುತ್ತದೆ. ಫೋನಿನ ಮೂಲಕ ಮೊದಲೇ ಈ ವಿವರವನ್ನು ಪಡೆದಿರುವ ವಾಚು ಕೆಲವೇ ಸೆಕೆಂಡುಗಳಲ್ಲಿ ಸಿದ್ಧವಾಗುತ್ತದೆ. ಬಹಳ ದಿನ ಫೋನಿಗೆ ಜೋಡಿಸದಿದ್ದರೆ ಕಾಯಬೇಕಾಗುತ್ತದೆ. ಸಿದ್ಧವೆಂದು ತೋರಿಸಿದ ಮೇಲೂ ಒಂದು ನಿಮಿಷ ತೆರೆದ ಜಾಗದಲ್ಲಿ ನಿಂತು ಹೊರಟರೆ, ಅಷ್ಟರಲ್ಲಿ ಇನ್ನಷ್ಟು ಉಪಗ್ರಹಗಳು ಸೇರಿಕೊಂಡು ಆರಂಭದ ಗೆರೆ ಎರಡೂ ವಾಚುಗಳಲ್ಲಿ ಸುಧಾರಿಸಿತು.

ಎತ್ತರ

ಏರುದಾರಿಯಲ್ಲಿ ಓಡುವವರಿಗೆ ವಾಯುಭಾರವನ್ನು ಅಳೆಯುವ ಸಂವೇದಕ ಇರಲೇಬೇಕು. ಉಪಗ್ರಹಗಳೆಲ್ಲ ತಲೆಯ ಮೇಲಿನ ಅರ್ಧಗೋಳದಲ್ಲಿಯೇ ಇರುವುದರಿಂದ ಅವುಗಳಿಂದ ಸಿಗುವ ಎತ್ತರ, ನೆಲದ ಮೇಲಿನ ಸ್ಥಾನಕ್ಕಿಂತ ದುರ್ಬಲವಾಗಿರುತ್ತದೆ. ಸಮುದ್ರಮಟ್ಟದ ಸಮೀಪದಲ್ಲಿ ಪ್ರತಿ 8 ಮೀಟರ್ ಏರಿದಾಗ ಗಾಳಿಯ ಒತ್ತಡ ಸುಮಾರು 1 ಹೆಕ್ಟೋಪ್ಯಾಸ್ಕಲ್ ಕಡಿಮೆಯಾಗುತ್ತದೆ. ಸಂವೇದಕ ಇದನ್ನು ಬಹಳ ಸೂಕ್ಷ್ಮವಾಗಿ ಗ್ರಹಿಸುತ್ತದೆ. ಆದರೆ ಹವಾಮಾನ ಬದಲಾದಾಗಲೂ ಒತ್ತಡ ಬದಲಾಗುವುದರಿಂದ, ಹೊರಟ ಜಾಗಕ್ಕೇ ಮರಳಿದಾಗ ವಾಚು ಬೇರೆ ಎತ್ತರವನ್ನು ತೋರಿಸಿದರೆ ಅದನ್ನು ಕೂಡಲೇ ಸಂವೇದಕದ ದೋಷವೆಂದು ತಿಳಿಯಬಾರದು. ಬೆವರು ಒಣಗಿ ಸಂವೇದಕದ ಸಣ್ಣ ರಂಧ್ರಗಳು ಮುಚ್ಚಿಕೊಂಡಾಗಲೂ ಎತ್ತರದ ಗೆರೆ ಕೆಡುತ್ತದೆ. ಪ್ರತಿ ಓಟದ ನಂತರ ವಾಚನ್ನು ಬರಿಯ ಸಿಹಿನೀರಿನಲ್ಲಿ ತೊಳೆಯುವುದು ಈಗ ನನ್ನ ರೂಢಿ.

ಹೃದಯಬಡಿತ, ಪರದೆ, ಬ್ಯಾಟರಿ

ವಾಚಿನ ಅಡಿಯಿಂದ ಮಣಿಕಟ್ಟಿಗೆ ಬೀಳುವ ಹಸಿರು ಬೆಳಕು ಚರ್ಮದಡಿಯ ರಕ್ತದ ಏರಿಳಿತವನ್ನು ಗ್ರಹಿಸುತ್ತದೆ. ಎದೆಪಟ್ಟಿ ಹೃದಯದ ವಿದ್ಯುತ್ ಸಂಕೇತವನ್ನೇ ಓದುತ್ತದೆ. ಸಮವೇಗದ ಓಟದಲ್ಲಿ ಎರಡೂ ಹೊಂದಿಕೊಂಡವು. ವೇಗ ಏರಿಸಿ ಇಳಿಸುವ ಓಟಗಳಲ್ಲಿ, ಚಳಿಯ ಬೆಳಗ್ಗೆಗಳಲ್ಲಿ, ಮಣಿಕಟ್ಟಿನ ಓದು ಹಿಂದೆ ಬಿತ್ತು, ಕೆಲವೊಮ್ಮೆ ಹೆಜ್ಜೆಗಳ ಲಯವನ್ನೇ ಹೃದಯಬಡಿತವೆಂದು ತೋರಿಸಿತು. ಇದು ಎರಡೂ ವಾಚುಗಳಲ್ಲಿ ಕಂಡದ್ದರಿಂದ ಆಯ್ಕೆಯಲ್ಲಿ ಇದಕ್ಕೆ ತೂಕ ಕೊಟ್ಟಿಲ್ಲ. ಎದೆಪಟ್ಟಿಯನ್ನು ಜೋಡಿಸುವ ಅನುಕೂಲವಿದ್ದರೆ ಸಾಕು.

ಪರದೆಯ ವಿಷಯದಲ್ಲಿ ನನ್ನ ಒಲವು ಸ್ಪಷ್ಟವಾಗಿದೆ. ತಾನೇ ಬೆಳಕು ಸೂಸುವ ಅಮೋಲೆಡ್ ಪರದೆ ಮಬ್ಬುಬೆಳಕಿನಲ್ಲಿ ಸುಂದರವಾಗಿ ಕಾಣುತ್ತದೆ, ನಕ್ಷೆಯನ್ನು ಓದಲು ಅನುಕೂಲ. ಆದರೆ ಬಿಸಿಲನ್ನೇ ಪ್ರತಿಫಲಿಸಿ ಬೆಳಗುವ ಎಂಐಪಿ ಪರದೆ ಸದಾ ಉರಿಯುತ್ತಲೇ ಇದ್ದರೂ ಅತ್ಯಲ್ಪ ವಿದ್ಯುತ್ತನ್ನು ಬಳಸುತ್ತದೆ, ಕೈ ತಿರುಗಿಸದೆಯೇ ಒಂದು ನೋಟಕ್ಕೆ ಸಿಗುತ್ತದೆ. ಗುಂಡಿಗಳಿರುವುದೂ ಅಷ್ಟೇ ಮುಖ್ಯ, ಏಕೆಂದರೆ ಮಳೆಯಲ್ಲಿ, ಬೆವರಿದ ಬೆರಳುಗಳಿಗೆ, ಕೈಗವಸಿಗೆ ಸ್ಪರ್ಶಪರದೆ ಸರಿಯಾಗಿ ಸ್ಪಂದಿಸುವುದಿಲ್ಲ.

ಬ್ಯಾಟರಿಯ ಬಗ್ಗೆ ತಯಾರಕರು ಕೊಡುವ ಗಂಟೆಗಳನ್ನು ಯಾವ ವಿಧಾನಕ್ಕೆ ಹೇಳಿದ್ದಾರೆಂಬುದನ್ನು ನೋಡದೆ ಹೋಲಿಸಬಾರದು. ದೊಡ್ಡ ಅಕ್ಷರದ ಸಂಖ್ಯೆ ಸಾಮಾನ್ಯವಾಗಿ ಅತಿ ಮಿತವ್ಯಯದ ವಿಧಾನದ್ದು. ಜಿಪಿಎಸ್ ಮಾತ್ರವಲ್ಲದೆ ಬೇರೆ ದೇಶಗಳ ಉಪಗ್ರಹ ಸಮೂಹಗಳನ್ನೂ ಎರಡೂ ಆವರ್ತನಗಳನ್ನೂ ಬಳಸುವಾಗಿನ ಗಂಟೆಗಳು ಅದಕ್ಕಿಂತ ಬಹಳ ಕಡಿಮೆ. ಆಕಾಶ ತೆರೆದಿರುವಲ್ಲಿ ಒಂದು ಆವರ್ತನಕ್ಕೆ ತಾನಾಗಿಯೇ ಇಳಿಯುವ ಆಯ್ಕೆ ಕೆಲವು ವಾಚುಗಳಲ್ಲಿದ್ದು, ನನ್ನ ಪರೀಕ್ಷೆಗಳ ದೃಷ್ಟಿಯಿಂದ ಅದೇ ಅತ್ಯಂತ ವಿವೇಕದ ವ್ಯವಸ್ಥೆ. ಲಿಥಿಯಂ ಬ್ಯಾಟರಿ ವರ್ಷಗಳು ಕಳೆದಂತೆ ಕುಗ್ಗುವುದರಿಂದ, ನನ್ನ ಅತಿ ದೀರ್ಘ ಚಾರಣಕ್ಕೆ ಬೇಕಾದದ್ದರ ಎರಡು ಪಟ್ಟು ಸಾಮರ್ಥ್ಯವನ್ನು ಕೊಳ್ಳುವಾಗಲೇ ನೋಡಿಕೊಳ್ಳಬೇಕೆಂದು ಲೆಕ್ಕ ಹಾಕಿದ್ದೇನೆ.

ಈಗಿನ ಸ್ಥಿತಿ

ಎರಡು ಆವರ್ತನಗಳು, ವಾಯುಭಾರದ ಸಂವೇದಕ, ಗುಂಡಿಗಳು, ಎಂಐಪಿ ಪರದೆ: ಇವಿಷ್ಟು ಖಚಿತವಾಗಿವೆ. ಸಂಗೀತವನ್ನು ತುಂಬಿಕೊಳ್ಳುವ ಮತ್ತು ವಾಚಿನಿಂದಲೇ ಹಣ ಪಾವತಿಸುವ ಸೌಲಭ್ಯಗಳನ್ನು ಪಟ್ಟಿಯಿಂದ ಕೈಬಿಟ್ಟಿದ್ದೇನೆ. ಉಳಿದಿರುವ ಪ್ರಶ್ನೆ ವಾಚಿನೊಳಗೆ ಪೂರ್ಣ ನಕ್ಷೆ ಬೇಕೇ, ಅಥವಾ ಹೋಗಬೇಕಾದ ದಾರಿಯ ಗೆರೆಯೊಂದೇ ಸಾಕೇ ಎಂಬುದು. ಗೆಳೆಯರ ವಾಚಿನಲ್ಲಿ ಎರಡೂ ಇವೆ. ಕವಲುಗಳು ಹೆಚ್ಚಿರುವ ಒಂದು ಕಾಡುದಾರಿಯನ್ನು ಮೊದಲು ಗೆರೆಯಿಂದ ಮಾತ್ರ, ನಂತರ ನಕ್ಷೆಯೊಂದಿಗೆ ಕ್ರಮಿಸಿ, ಪ್ರತಿ ಕವಲಿನಲ್ಲಿ ನಿಂತು ಯೋಚಿಸಬೇಕಾದ ಸಮಯವನ್ನು ಹೋಲಿಸಿ ನೋಡುವುದು ಮುಂದಿನ ಹಂತದ ಕೆಲಸ. ವಾಚನ್ನು ಹಿಂತಿರುಗಿಸುವ ಮೊದಲು ಅದನ್ನು ಮುಗಿಸಿ, ಫಲಿತಾಂಶವನ್ನು ಇಲ್ಲಿಯೇ ಸೇರಿಸುತ್ತೇನೆ.