ಹನ್ನೊಂದು ಗೆದ್ದವರ ಕಥೆ

ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಸಾರ್ವಕಾಲಿಕ ಶ್ರೇಷ್ಠ ಯಾರು ಅಂತ ಗೆಳೆಯರಲ್ಲಿ ಮತ್ತೆ ಜಗಳ. ಮೈಕೆಲ್ ಜೋರ್ಡನ್ನಾ, ಲೆಬ್ರಾನ್ ಜೇಮ್ಸಾ ಅನ್ನೋದರಲ್ಲೇ ಅರ್ಧ ರಾತ್ರಿ ಹೋಯ್ತು. ಜೋರ್ಡನ್ ಆಡಿದ್ದು ಆರು ಫೈನಲ್, ಆರೂ ಗೆಲುವು ಅಂತ ಒಬ್ಬ. ಕರೀಮ್ ಅಬ್ದುಲ್ ಜಬ್ಬಾರ್ ಅವರ 38,387 ಅಂಕಗಳ ದಾಖಲೆಯನ್ನ 2023ರಲ್ಲಿ ಮುರಿದದ್ದು ಲೆಬ್ರಾನ್ ಅಲ್ವೇನಪ್ಪಾ ಅಂತ ಇನ್ನೊಬ್ಬ.

ನನಗೋ, ಬಿಲ್ ರಸೆಲ್ ತಲೆಯಿಂದ ಇಳೀತಾನೇ ಇಲ್ಲ. ಬಾಸ್ಟನ್ ಸೆಲ್ಟಿಕ್ಸ್ ಪರ 13 ಸೀಸನ್, 11 ಚಾಂಪಿಯನ್‌ಶಿಪ್. ಕೊನೆಯ ಎರಡಂತೂ ಆಟಗಾರನೂ ಕೋಚೂ ತಾವೇ ಆಗಿ! ಅವರು ಬಂದಾಗ ಲೀಗಲ್ಲಿ ಇದ್ದದ್ದೇ ಎಂಟು ತಂಡ ಅಂತಾರೆ, ಒಪ್ಪೋಣ. ಆದರೆ ಅವರ ಅಸಲಿ ತಾಕತ್ತು ಇದ್ದದ್ದು ಎದುರಾಳಿಯ ಶಾಟ್ ತಡೆಯೋದರಲ್ಲಿ. ಹಾಗೆ ತಡೆದ ಶಾಟ್‌ಗಳ, ಅಂದ್ರೆ ಬ್ಲಾಕ್‌ಗಳ ಲೆಕ್ಕ ಇಡೋಕೆ ಎನ್‌ಬಿಎ ಶುರು ಮಾಡಿದ್ದು 1973-74ರಲ್ಲಿ, ಅವರು ಆಟ ಬಿಟ್ಟ ಮೇಲೆ. ಫೈನಲ್‌ನ ಶ್ರೇಷ್ಠ ಆಟಗಾರನಿಗೆ ಕೊಡೋ ಫೈನಲ್ಸ್ ಎಂವಿಪಿ ಪ್ರಶಸ್ತಿ ಮೊದಲ ಸಲ ಕೊಟ್ಟದ್ದು 1969ರಲ್ಲಿ, ಅವರ ಕೊನೇ ಸೀಸನ್ನಿಗೆ. ಗೆದ್ದದ್ದು ಸೆಲ್ಟಿಕ್ಸ್, ಪ್ರಶಸ್ತಿ ಮಾತ್ರ ಸೋತ ಲೇಕರ್ಸ್‌ನ ಜೆರ್ರಿ ವೆಸ್ಟ್‌ಗೆ. 2009ರಿಂದ ಅದೇ ಪ್ರಶಸ್ತಿಗೆ ರಸೆಲ್ ಅವರ ಹೆಸರು, ಮಜಾ ನೋಡಿ.

ಲೆಕ್ಕವೇ ಬರೆದಿಡದ ಆಟವನ್ನ ಯಾವ ತಕ್ಕಡೀಲಿ ತೂಗೋದು? ಸದ್ಯಕ್ಕೆ ನನ್ನ ಪಟ್ಟೀಲಿ ಜೋರ್ಡನ್ ಮೊದಲು, ರಸೆಲ್ ಎರಡು, ಆಮೇಲೆ ಲೆಬ್ರಾನ್. ಬೈಯೋರು ಬೈಕೊಳ್ಳಿ.