ಬರೀ ಅಡಿಕೆ ಸಾರ್

ಹೋದ ವಾರದ ಸೋಮವಾರ ಬಂದ ಹುಡುಗನಿಗೆ 26 ವರ್ಷ. ಗೂಡ್ಸ್ ಆಟೋ ಓಡಿಸುತ್ತಾನೆ. ಬಲಗಡೆ ಕೆಳದವಡೆಯಲ್ಲಿ ಹಲ್ಲುನೋವು, ಮೂರು ರಾತ್ರಿ ನಿದ್ದೆಯಿಲ್ಲ. ಬಾಯಿ ತೆಗಿ ಅಂದರೆ ತೆಗೆದ. ಇನ್ನೂ ಸ್ವಲ್ಪ ತೆಗಿ ಅಂದಾಗ, "ಇಷ್ಟೇ ಸಾರ್, ಪೂರ್ತಿ ತೆಗ್ದಿದೀನಿ" ಅಂದ. ಮೇಲಿನ ಮುಂದಿನ ಹಲ್ಲಿನ ಅಂಚಿನಿಂದ ಕೆಳಗಿನದರ ಅಂಚಿಗೆ ಸ್ಕೇಲ್ ಹಿಡಿದರೆ 19 ಮಿಲಿಮೀಟರ್.

"ಗುಟ್ಕಾ ಹಾಕ್ತೀಯೇನಪ್ಪಾ?"

"ಇಲ್ಲ ಸಾರ್, ತಂಬಾಕು ಮುಟ್ಟಲ್ಲ. ಬರೀ ಅಡಿಕೆ ಸಾರ್."

ಪಕ್ಕದಲ್ಲಿ ನಿಂತಿದ್ದ ತಾಯಿ, "ನಮ್ಮ ಹುಡುಗಂಗೆ ಯಾವ ಚಟನೂ ಇಲ್ಲ ಸಾರ್" ಎಂದು ಸೇರಿಸಿದರು.

ಆ "ಬರೀ" ಇನ್ನೂ ಕಿವಿಯಿಂದ ಹೋಗಿಲ್ಲ. ತಾಯಿ, ಮಗ ಇಬ್ಬರೂ ಸುಳ್ಳು ಹೇಳಲಿಲ್ಲ. ಅವರು ಹೇಳಿದ್ದು ನಾವೇ ಕಲಿಸಿದ ಪಾಠ. ಬಸ್ ಸ್ಟ್ಯಾಂಡಿನ ಫಲಕ, ಸಿನಿಮಾ ಶುರುವಾಗುವ ಮುಂಚಿನ ಎಚ್ಚರಿಕೆ, ಶಾಲೆಯಲ್ಲಿ ಮಾಡಿಸುವ ಪ್ರತಿಜ್ಞೆ, ಎಲ್ಲ ಕಡೆಯೂ ತಂಬಾಕು, ತಂಬಾಕು. ತಂಬಾಕು ಕೆಟ್ಟದ್ದು ಎಂದು ಕೂಗಿದಷ್ಟೂ ಅದರ ಪಕ್ಕದಲ್ಲಿದ್ದ ಅಡಿಕೆ ಸಾಧುವಾಗುತ್ತಾ ಹೋಯಿತು. 2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧವಾದ ಮೇಲೆ ಅಂಗಡಿಗಳಲ್ಲಿ ಪಾನ್ ಮಸಾಲದ ಸರ ಒಂದು, ತಂಬಾಕಿನ ಸರ ಇನ್ನೊಂದು ಎಂದು ಬೇರೆ ಬೇರೆ ತೂಗತೊಡಗಿದವು. ಮೊದಲನೆಯದನ್ನು ಮಾತ್ರ ಕೊಳ್ಳುವವನು ತಾನು ಬಚಾವಾದೆ ಅಂದುಕೊಳ್ಳುತ್ತಾನೆ. ಈ ಹುಡುಗ ಶುರು ಮಾಡಿದ್ದು ಏಳನೇ ಕ್ಲಾಸಿನಲ್ಲಿ, ಶಾಲೆ ಎದುರಿನ ಅಂಗಡಿಯ ಸಿಹಿ ಅಡಿಕೆ ಪುಡಿಯಿಂದ. ಈಗ ದಿನಕ್ಕೆ ಹದಿನೈದು ಪ್ಯಾಕೆಟ್.

ಹಲ್ಲಿನ ಕೀವಿನಿಂದಲೂ ಬಾಯಿ ಕಟ್ಟಿಕೊಳ್ಳುತ್ತದೆ. ಆದರೆ ಅದು ಎರಡು ಮೂರು ದಿನದಲ್ಲಿ ಆಗುವಂಥದ್ದು, ತೆರೆಯಲು ಹೋದರೆ ಜೀವ ಹೋಗುವಷ್ಟು ನೋವು. ಇವನ ಬಾಯಿ ನೋವಿಲ್ಲದೆ, ವರ್ಷಗಟ್ಟಲೆ ಚೂರು ಚೂರೇ ಮುಚ್ಚಿಕೊಂಡು ಬಂದಿತ್ತು. ಪಾನಿಪುರಿ ಇಡಿಯಾಗಿ ಬಾಯಿಗಿಡಲಾಗದೆ ಎರಡು ವರ್ಷವಾಗಿದೆ. ಖಾರ ತಗುಲಿದರೆ ಬಾಯೆಲ್ಲ ಉರಿ ಎಂದು ತಾಯಿ ಒಂದು ವರ್ಷದಿಂದ ಅವನಿಗೆ ಬೇರೆಯೇ ಸಾರು ಮಾಡುತ್ತಿದ್ದಾರೆ. ಉಷ್ಣ ಇರಬೇಕು ಅಂದುಕೊಂಡು ಮೆಡಿಕಲ್ ಶಾಪಿನಿಂದ ಬಿ ಕಾಂಪ್ಲೆಕ್ಸ್ ಮಾತ್ರೆ ತಂದು ನುಂಗಿಸಿದ್ದಾರೆ. ದಿನಾ ಎರಡು ಪಾತ್ರೆಯಲ್ಲಿ ಸಾರು ಕುದಿಸಿದ ತಾಯಿಯನ್ನು ದೂರುವುದು ಹೇಗೆ? ಕಾಯಿಲೆ ಶುರುವಾಗುವುದೇ ಆ ಉರಿಯಿಂದ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಕೆನ್ನೆಯ ಒಳಗೆ ಬೆರಳಾಡಿಸಿದರೆ ಮೇಲಿಂದ ಕೆಳಕ್ಕೆ ಬಿಗಿದ ಹುರಿಗಳು, ಚೀಲ ಹೊಲಿಯುವ ದಪ್ಪ ದಾರದ ಹಾಗೆ. ಕೆಂಪಗಿರಬೇಕಾದ ಒಳಪೊರೆ ಅಮೃತಶಿಲೆಯಂತೆ ಬಿಳಿಚಿಕೊಂಡಿದೆ. ಕಿರುನಾಲಗೆ ಸುರುಟಿ ಒಂದು ಪಕ್ಕಕ್ಕೆ ಕೊಕ್ಕೆಯ ಹಾಗೆ ಬಾಗಿದೆ. ನಾಲಗೆ ಚಾಚು ಅಂದರೆ ತುಟಿ ದಾಟುವುದಿಲ್ಲ, ಕೆನ್ನೆ ಉಬ್ಬಿಸು ಅಂದರೆ ಉಬ್ಬುವುದಿಲ್ಲ. ಇದಕ್ಕೆ ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ. 1952ರಲ್ಲಿ ಶ್ವಾರ್ಟ್ಜ್ ಎಂಬ ವೈದ್ಯ ಇದನ್ನು ಮೊದಲು ವರದಿ ಮಾಡಿದ್ದು ಆಫ್ರಿಕಾದಲ್ಲಿದ್ದ ಐವರು ಭಾರತೀಯ ಹೆಂಗಸರಲ್ಲಿ. ನಮ್ಮವರು ಎಲ್ಲಿಗೆ ಹೋದರೂ ಅಡಿಕೆ ಜೊತೆಗೆ ಹೋಯಿತು, ಅಡಿಕೆಯ ಜೊತೆ ಕಾಯಿಲೆಯೂ ಹೋಯಿತು.

ಮಲೆನಾಡಿನವರಿಗೆ ಇದನ್ನು ವಿವರಿಸಲು ಒಂದು ಮಾತು ಸಾಕು: ಚೊಗರು. ಅಡಿಕೆ ಬೇಯಿಸಿದ ನೀರಿನ ಆ ಒಗರು ಬಟ್ಟೆಗೆ ಹತ್ತಿದರೆ ಎಷ್ಟು ಒಗೆದರೂ ಬಿಡುವುದಿಲ್ಲ. ಅದರಲ್ಲಿರುವ ಟ್ಯಾನಿನ್ ಜಾತಿಯ ಪದಾರ್ಥಗಳೇ ಹಸಿ ಚರ್ಮವನ್ನು ಹದ ಮಾಡಿ ಕೊಳೆಯದ ತೊಗಲಾಗಿಸುವುದು. ಬಾಯಿಯ ಒಳಪೊರೆಯ ಕೆಳಗೂ ಕೊಲಾಜೆನ್ ಎಂಬ ನಾರು ಇದೆ. ಆರೋಗ್ಯವಂತರಲ್ಲಿ ಹಳೆಯ ನಾರು ಕರಗುತ್ತಿರುತ್ತದೆ, ಹೊಸದು ಹುಟ್ಟುತ್ತಿರುತ್ತದೆ. ಅಡಿಕೆಯ ಅರೆಕೋಲಿನ್ ನಾರು ಹೆಣೆಯುವ ಜೀವಕೋಶಗಳನ್ನು ಕೆರಳಿಸುತ್ತದೆ. ಟ್ಯಾನಿನ್ ಆ ನಾರು ಕರಗದಂತೆ ತಡೆಯುತ್ತದೆ. ಅಡಿಕೆಯಲ್ಲಿ ಧಾರಾಳವಾಗಿರುವ ತಾಮ್ರ, ನಾರಿಗೆ ನಾರು ಗಂಟು ಹಾಕುವ ಕಿಣ್ವವನ್ನು ಚುರುಕಾಗಿಸುತ್ತದೆ. ಹುಟ್ಟುವುದು ಹೆಚ್ಚು, ಕರಗುವುದು ಕಡಿಮೆ, ಇದ್ದದ್ದು ಬಿಗಿ. ಈ ಮೂರರಲ್ಲಿ ಯಾವುದಕ್ಕೂ ತಂಬಾಕು ಬೇಕಿಲ್ಲ.

"ನಮ್ಮತ್ತೆ ಸಾಯೋತನಕ ಎಲೆ ಅಡಿಕೆ ಹಾಕಿದ್ರು ಸಾರ್, ಅವರಿಗೇನೂ ಆಗ್ಲಿಲ್ಲ" ಅಂದರು ತಾಯಿ. ಇದು ನ್ಯಾಯವಾದ ಪ್ರಶ್ನೆ, ಎಲ್ಲರೂ ಕೇಳುತ್ತಾರೆ. ಎಲೆ ಅಡಿಕೆಯಲ್ಲಿ ತೂಕದ ದೊಡ್ಡ ಪಾಲು ಹಸಿ ಎಲೆ. ಊಟವಾದ ಮೇಲೆ ಕೂತು ಹಾಕಿ, ಜಗಿದು, ಉಗಿದರೆ ಮುಗಿಯಿತು. ಪ್ಯಾಕೆಟ್ಟಿನಲ್ಲಿರುವುದು ಒಣಗಿದ ಅಡಿಕೆ ಚೂರು, ತೂಕಕ್ಕೆ ಹೋಲಿಸಿದರೆ ಅಡಿಕೆಯ ಪ್ರಮಾಣ ಬಹಳ ಹೆಚ್ಚು. ಬಾಯಿಗೆ ಸುರಿದು ಕೆನ್ನೆಯ ಸಂದಿಯಲ್ಲಿಟ್ಟುಕೊಂಡರೆ ಗಂಟೆಗಟ್ಟಲೆ ರಸ ಬಿಡುತ್ತಿರುತ್ತದೆ. ಹುರಿ ಇವನ ಬಲಗೆನ್ನೆಯಲ್ಲಿ ಹೆಚ್ಚು ದಪ್ಪವಾಗಿದ್ದುದಕ್ಕೆ ಕಾರಣ, ಇವನು ಇಟ್ಟುಕೊಳ್ಳುವುದು ಅದೇ ಕಡೆ. ಹಾಗೆಂದು ಅಜ್ಜಿಯ ತಾಂಬೂಲ ಸುರಕ್ಷಿತವೆಂದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ತಂಬಾಕಿಲ್ಲದ ಎಲೆ ಅಡಿಕೆಯನ್ನೂ, ಅಡಿಕೆಯೊಂದನ್ನೇ ತೆಗೆದುಕೊಂಡರೆ ಅದನ್ನೂ, ಕ್ಯಾನ್ಸರ್ ತರುತ್ತದೆಂದು ಖಚಿತವಾದ ಮೊದಲ ಗುಂಪಿಗೆ ಸೇರಿಸಿತು.

ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ನಮ್ಮದು. ತೋಟದವರ ಮಕ್ಕಳ ಓದು, ಮದುವೆ, ಸಾಲ ಎಲ್ಲವೂ ಅಡಿಕೆ ಧಾರಣೆಯ ಮೇಲೆ ನಿಂತಿವೆ. ಈ ಮಾತು ಎತ್ತಿದ ಕೂಡಲೇ ರೈತನ ಹೊಟ್ಟೆಗೆ ಕಲ್ಲು ಹಾಕುತ್ತೀರಿ ಎನ್ನುತ್ತಾರೆ. ಆ ನೋವು ನಿಜವಾದದ್ದು. ಆದರೆ ಬೆಲೆ ಬೇರೆ, ಬಾಯಿ ಬೇರೆ. ಬೆಳೆಗಾರನ ಸಂಕಟಕ್ಕೆ ಉತ್ತರ ಹುಡುಕಬೇಕು ಎಂಬುದು ಎಷ್ಟು ಸತ್ಯವೋ, ಆ ಉತ್ತರ ಈ ಹುಡುಗನ 19 ಮಿಲಿಮೀಟರ್ ಆಗಬಾರದು ಎಂಬುದೂ ಅಷ್ಟೇ ಸತ್ಯ.

ಅವನ ಹಲ್ಲನ್ನು ಉಳಿಸಬಹುದಿತ್ತು, ಅದೇ ಹೆಚ್ಚು ಸಂಕಟ. ಹುಳುಕು ನರದವರೆಗೆ ಇಳಿದಿತ್ತು, ಆದರೆ ಬೇರು ಗಟ್ಟಿ. ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕಿದ್ದರೆ ವರ್ಷಗಟ್ಟಲೆ ಬಾಳುತ್ತಿತ್ತು. ಬೇರಿನ ನಾಳ ಶುಚಿ ಮಾಡುವ ಫೈಲ್‌ಗಳಲ್ಲಿ ದವಡೆ ಹಲ್ಲಿಗೆ ಬಳಸುವ ಗಿಡ್ಡ ಫೈಲೇ 21 ಮಿಲಿಮೀಟರ್, ಅದರ ಮೇಲೆ ಹಿಡಿ, ಹಿಡಿಯ ಮೇಲೆ ಬೆರಳು. ಬಾಯಿ ಮುಂದೆ 19 ತೆರೆದರೆ ಹಿಂದೆ ಇನ್ನೂ ಕಡಿಮೆ, ಬಾಗಿಲಿನ ಕೀಲಿನ ಹತ್ತಿರ ಸಂದು ಕಿರಿದಾಗುವ ಹಾಗೆ. ಎಕ್ಸ್‌ರೇ ಫಿಲ್ಮನ್ನೂ ಒಳಗಿಡಲಾಗದೆ ಹೊರಗಿನಿಂದ ಇಡೀ ದವಡೆಯ ಚಿತ್ರ ತೆಗೆಸಬೇಕಾಯಿತು. ಕೆಳದವಡೆ ಜೋಮು ಹಿಡಿಸುವ ಮಾಮೂಲಿ ಇಂಜೆಕ್ಷನ್‌ಗೆ ಬಾಯಿ ಅಗಲವಾಗಿ ತೆರೆದಿರಬೇಕು. ಹಾಗಾಗಿ ವಜಿರಾನಿ-ಅಕಿನೋಸಿ ಎಂಬ ವಿಧಾನ: ಹಲ್ಲು ಕಚ್ಚಿಕೊಂಡೇ ಇರುವಾಗ, ಕೆನ್ನೆಯ ಪಕ್ಕದಿಂದ ಮೇಲಿನ ಒಸಡಿನ ಅಂಚಿನ ಮಟ್ಟದಲ್ಲಿ ಸೂಜಿಯನ್ನು ನೇರ ಹಿಂದಕ್ಕೆ ಒಯ್ಯುವುದು. ಮಕ್ಕಳ ಹಲ್ಲು ಕೀಳುವ ಸಣ್ಣ ಇಕ್ಕಳದಿಂದ, ಹಲ್ಲನ್ನು ಎರಡು ತುಂಡು ಮಾಡಿ ತೆಗೆಯಲು ಮುಕ್ಕಾಲು ಗಂಟೆ ಬೇಕಾಯಿತು.

ಆಮೇಲಿನದ್ದೇ ದೊಡ್ಡ ಕೆಲಸ. ಹದಿನೈದರಿಂದ ಇಪ್ಪತ್ತೈದು ಮಿಲಿಮೀಟರ್ ನಡುವಿನ ಬಾಯಿಗೆ ಮೊದಲು ಕೆನ್ನೆಯೊಳಗೆ ಇಂಜೆಕ್ಷನ್: ನಾರಿನ ನಡುವಿನ ಅಂಟನ್ನು ಸಡಿಲಿಸಲು 1500 ಯೂನಿಟ್ ಹಯಲುರೊನಿಡೇಸ್, ಉರಿಯೂತ ತಗ್ಗಿಸಲು ಡೆಕ್ಸಾಮೆಥಸೋನ್, ಜೊತೆಗೆ ಜೋಮಿನ ಔಷಧ. ವಾರಕ್ಕೊಂದು ಅಥವಾ ಎರಡು, ಆರೆಂಟು ವಾರ. ಸಕ್ಕರೆ ಕಾಯಿಲೆ ಇದ್ದರೆ ಸ್ಟೆರಾಯ್ಡ್‌ನಿಂದ ಸಕ್ಕರೆ ಏರುತ್ತದೆ, ಮೊದಲೇ ಪರೀಕ್ಷಿಸಬೇಕು. ಮೂರನೇ ಇಂಜೆಕ್ಷನ್‌ಗೆ ಉರಿ ಕಡಿಮೆಯಾಗುತ್ತದೆ, ಬಹಳ ಮಂದಿ ಅಲ್ಲಿಗೇ ಬರುವುದು ನಿಲ್ಲಿಸುತ್ತಾರೆ. ಸೂಜಿ ಚುಚ್ಚುತ್ತಲೇ ಹೋದರೆ ಆ ಗಾಯವೇ ಮತ್ತೆ ನಾರಾಗುತ್ತದೆ, ಆದ್ದರಿಂದ ಲೆಕ್ಕ ಮೀರಬಾರದು. 15ಕ್ಕಿಂತ ಕಡಿಮೆಯಾದರೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯೇ: ಹುರಿ ಕತ್ತರಿಸಿ, ಕೆನ್ನೆಯೊಳಗಿನ ಕೊಬ್ಬಿನ ಗಡ್ಡೆಯನ್ನು ಎಳೆದು ಗಾಯ ಮುಚ್ಚುವುದು. ಬಾಯಿ ತೆರೆಯದ ಕಾರಣ ಅರಿವಳಿಕೆಯ ನಳಿಕೆಯನ್ನು ರೋಗಿ ಎಚ್ಚರವಿರುವಾಗಲೇ ಮೂಗಿನಿಂದ ಕ್ಯಾಮೆರಾ ಹಿಡಿದು ಇಳಿಸಬೇಕು.

ಸೂಜಿಯಾಗಲಿ ಕತ್ತರಿಯಾಗಲಿ, ವ್ಯಾಯಾಮವಿಲ್ಲದೆ ನಿಲ್ಲುವುದಿಲ್ಲ. ಐಸ್‌ಕ್ರೀಂ ಕಡ್ಡಿ ಸಾಕು. ಬಾಯಿಗೆ ಹಿಡಿಸುವಷ್ಟನ್ನು ಒಂದರ ಮೇಲೊಂದು ಇಟ್ಟು ದವಡೆ ಹಲ್ಲುಗಳ ನಡುವೆ ಕಚ್ಚಿಕೊಳ್ಳಬೇಕು, ಮುಂದಿನ ಹಲ್ಲಿನಲ್ಲಿ ಬೇಡ, ಅಲುಗಾಡುತ್ತವೆ. ಬಿಗಿ ಎನಿಸಿದ ಮೇಲೆ ನಡುವೆ ಇನ್ನೊಂದು ಕಡ್ಡಿ ಮೆಲ್ಲಗೆ ತೂರಿಸಿ ಒಂದು ನಿಮಿಷ ತಡೆಯಬೇಕು. ಎರಡೂ ಕಡೆ, ದಿನಕ್ಕೆ ಐದಾರು ಸಲ, ಶಸ್ತ್ರಚಿಕಿತ್ಸೆ ಆದವರಿಗೆ ಕನಿಷ್ಠ ಆರು ತಿಂಗಳು. ಒಳಪೊರೆ ಹರಿದು ರಕ್ತ ಬಂದರೆ ಅವಸರ ಮಾಡಿದ್ದೀರಿ ಎಂದರ್ಥ.

ಅಡಿಕೆ ಬಿಟ್ಟರೂ ಹುರಿ ತಾನಾಗಿ ಕರಗುವುದಿಲ್ಲ. ಬಿಡದಿದ್ದರೆ ಯಾವ ಚಿಕಿತ್ಸೆಯೂ ನಿಲ್ಲುವುದಿಲ್ಲ. ಕೇರಳದಲ್ಲಿ ಇಂಥ ರೋಗಿಗಳನ್ನು 17 ವರ್ಷ ಹಿಂಬಾಲಿಸಿ 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 7.6 ಮಂದಿಗೆ ಕ್ಯಾನ್ಸರ್ ಬಂದಿತ್ತು. ಹಾಗಾಗಿ ಬಾಯಿ ತೆರೆದ ಮೇಲೂ ಮೂರು ತಿಂಗಳಿಗೊಮ್ಮೆ ಬರಬೇಕು, ಎರಡು ವಾರಕ್ಕೂ ಮಾಯದ ಹುಣ್ಣು ಕಂಡರೆ ಅವತ್ತೇ ಬರಬೇಕು. ಈ ಅಂಕಿ ಹೇಳುವಾಗ ತಾಯಿ ಮಗನ ಮುಖ ನೋಡಲಿಲ್ಲ, ತಮ್ಮ ಸೆರಗಿನ ತುದಿ ನೋಡುತ್ತಿದ್ದರು. ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದರು: "ಹಂಗಾರೆ ಬರೀ ಅಡಿಕೆನೂ ಅಡಿಕೆನೇನಾ ಸಾರ್?" ಅದಕ್ಕಿಂತ ಚೆನ್ನಾಗಿ ಹೇಳುವುದು ಯಾರಿಂದಲೂ ಸಾಧ್ಯವಿಲ್ಲ.

ಮನೆಯಲ್ಲಿ ಯಾರಾದರೂ ಅಡಿಕೆ ಪುಡಿ ಹಾಕುವವರಿದ್ದರೆ ಇವತ್ತೇ ಅವರದೇ ತೋರುಬೆರಳು, ನಡುಬೆರಳು, ಉಂಗುರಬೆರಳು ಮೂರನ್ನೂ ಒಂದರ ಮೇಲೊಂದು ಜೋಡಿಸಿ ಮುಂದಿನ ಹಲ್ಲುಗಳ ನಡುವೆ ನಿಲ್ಲಿಸಲು ಹೇಳಿ. ಮೂರನೆಯದು ಹೋಗದಿದ್ದರೆ ದಂತವೈದ್ಯರಲ್ಲಿಗೆ ಕರೆದುಕೊಂಡು ಹೋಗಿ.

ಹುಡುಗ ನಿನ್ನೆ ಶುಕ್ರವಾರ ಮತ್ತೆ ಬಂದಿದ್ದ. ಹೊಲಿಗೆ ಬಿಚ್ಚಿಯಾಯಿತು. ರಬ್ಬರ್ ಬ್ಯಾಂಡ್ ಹಾಕಿದ ಕಡ್ಡಿಗಳ ಕಟ್ಟು ಕೈಯಲ್ಲಿತ್ತು, ಕಡ್ಡಿಯ ತುದಿಗಳಲ್ಲಿ ಹಲ್ಲಿನ ಗುರುತು. ಸ್ಕೇಲ್ ಹಿಡಿದರೆ 22. ಅದರಲ್ಲಿ ಊತ ಇಳಿದದ್ದರ ಪಾಲೂ ಇದೆ ಎಂದು ಹೇಳಿದ್ದಾಯಿತು. ಅವನು ಶರ್ಟಿನ ಜೇಬಿಗೆ ಕೈಹಾಕಿ ಒಂದು ಪ್ಯಾಕೆಟ್ ತೆಗೆದು ಮೇಜಿನ ಮೇಲಿಟ್ಟ. ಒಡೆದಿರಲಿಲ್ಲ.

"ಬೆಳಿಗ್ಗೆಯಿಂದ ಇದೊಂದೇ ಇಟ್ಕೊಂಡಿದೀನಿ ಸಾರ್. ನೀವೇ ಇಟ್ಕೊಳ್ಳಿ."